ಗಡುವು ಮುಗಿದ ಮೇಲೆ ಟಿಡಿಎಸ್ ರೀಫಂಡ್ ಕೇಳುವುದು ಹೇಗೆ?

ನಮ್ಮ ದೊಡ್ಡಮ್ಮ ಸಾಗರದ ಕಡೆಯವರು. ದೊಡ್ಡಪ್ಪ ಇರುವ ತನಕ ಬ್ಯಾಂಕು, ಪಾಸ್‌ಬುಕ್ಕು, ಕಂದಾಯ ಎಲ್ಲ ಅವರದೇ ಕಾರುಬಾರು. 2022ರ ನವೆಂಬರ್‌ನಲ್ಲಿ ಅವರು ತೀರಿಕೊಂಡರು. ಎರಡು ವರ್ಷ ಕಳೆದ ಮೇಲೆ ಟ್ರಂಕಿನ ಕಾಗದ ಜೋಡಿಸುತ್ತಿದ್ದಾಗ ನನ್ನ ಕೈಗೆ ಒಂದು ಟಿಡಿಎಸ್ (ಆದಾಯ ಕೈಗೆ ಬರುವ ಮೊದಲೇ ಹಿಡಿದುಕೊಳ್ಳುವ ತೆರಿಗೆ) ಸರ್ಟಿಫಿಕೇಟು ಸಿಕ್ಕಿತು. 2021-22ರಲ್ಲಿ ದೊಡ್ಡಮ್ಮನ ಹೆಸರಿನ ಠೇವಣಿಗೆ 2,80,000 ರೂಪಾಯಿ ಬಡ್ಡಿ ಬಂದಿತ್ತು. ಬ್ಯಾಂಕು ಅದರಲ್ಲಿ ಶೇ. 10ರಂತೆ 28,000 ರೂಪಾಯಿ ಹಿಡಿದಿತ್ತು. ಅವರಿಗೆ ಬೇರೆ ಆದಾಯ ಇರಲಿಲ್ಲ. 60 ದಾಟಿದವರಿಗೆ ಆ ವರ್ಷ 3 ಲಕ್ಷದವರೆಗೆ ತೆರಿಗೆಯೇ ಇಲ್ಲ. ಕಟ್ಟಬೇಕಾದ ತೆರಿಗೆ ಸೊನ್ನೆ, ಹೋಗಿದ್ದು 28,000!

ಹೇಳಿದರೆ ದೊಡ್ಡಮ್ಮ ನಕ್ಕುಬಿಟ್ಟರು. "ಹೋದದ್ದು ಹೋಯ್ತು ಬಿಡು ಮಾರಾಯ. ಸರ್ಕಾರದ ಹೊಟ್ಟೆಗೆ ಹೋದ ದುಡ್ಡು ತಿರುಗಿ ಬರ್ತದಾ?"

ಬಂತು. ಎಂಟು ತಿಂಗಳು ಹಿಡಿಯಿತು, ಆದರೆ ಪೂರ್ತಿ ಬಂತು. ಆ ದಾರಿಯನ್ನೇ ಇಲ್ಲಿ ಬರೆಯುತ್ತಿದ್ದೇನೆ. ಇದು ಭಾರತದ ಆದಾಯ ತೆರಿಗೆಗೆ, ಅದರಲ್ಲೂ 1961ರ ಕಾಯಿದೆಯಡಿ ಬರುವ ವರ್ಷಗಳಿಗೆ ಸಂಬಂಧಿಸಿದ್ದು. 2025ರ ಹೊಸ ಕಾಯಿದೆ 2026ರ ಏಪ್ರಿಲ್ 1ರಿಂದ ಜಾರಿ. ಅದಕ್ಕೂ ಹಿಂದಿನ ಗಳಿಕೆಯ ಲೆಕ್ಕ ಹಳೆಯ ಕಾಯಿದೆಯಲ್ಲೇ ನಡೆಯುತ್ತದೆ.

ಮೊದಲು ವರ್ಷ ಸರಿ ಮಾಡಿಕೊಳ್ಳಿ

ಜಾಸ್ತಿ ಜನ ಎಡವುವುದು ಇಲ್ಲೇ. ಗಳಿಸಿದ ವರ್ಷ ಬೇರೆ, ಅದರ ತೆರಿಗೆ ಲೆಕ್ಕ ಹಾಕುವ ಮುಂದಿನ ವರ್ಷ, ಅಂದರೆ ಅಸೆಸ್‌ಮೆಂಟ್ ವರ್ಷ ಬೇರೆ. 2021ರ ಏಪ್ರಿಲ್‌ನಿಂದ 2022ರ ಮಾರ್ಚ್‌ವರೆಗೆ ಬಂದ ಬಡ್ಡಿಗೆ ಅಸೆಸ್‌ಮೆಂಟ್ ವರ್ಷ 2022-23. ಪೋರ್ಟಲ್‌ನಲ್ಲಿ ಎಲ್ಲ ಕಡೆ ಕೇಳುವುದು ಈ ಎರಡನೆಯದನ್ನೇ. ಒಂದು ವರ್ಷ ಆಚೀಚೆ ಆದರೆ ಅರ್ಜಿ ಸುಮ್ನೆ ವ್ಯರ್ಥ.

ಆಮೇಲೆ ಫಾರಂ 26ಎಎಸ್ ತೆಗೆಯಿರಿ. ಇನ್‌ಕಮ್ ಟ್ಯಾಕ್ಸ್ ಪೋರ್ಟಲ್‌ಗೆ ಲಾಗಿನ್ ಆದರೆ ಅಲ್ಲೇ ಸಿಗುತ್ತದೆ. ನಿಮ್ಮ ಪ್ಯಾನ್ ಮೇಲೆ ಯಾರು ಯಾವಾಗ ಎಷ್ಟು ಹಿಡಿದು ಸರ್ಕಾರಕ್ಕೆ ಕಟ್ಟಿದ್ದಾರೆ ಅನ್ನುವುದೆಲ್ಲ ಅದರಲ್ಲಿರುತ್ತದೆ. ಕೈಯಲ್ಲಿರುವ ಸರ್ಟಿಫಿಕೇಟಿನ ಮೊತ್ತ ಇದರಲ್ಲಿ ಕಾಣದಿದ್ದರೆ ಮುಂದೆ ಹೋಗಬೇಡಿ. ಹಿಡಿದವರು ತಮ್ಮ ಟಿಡಿಎಸ್ ಲೆಕ್ಕ ಸಲ್ಲಿಸಿಲ್ಲ, ಇಲ್ಲವೇ ಪ್ಯಾನ್ ತಪ್ಪು ಹಾಕಿದ್ದಾರೆ. ಮೊದಲು ಅವರಿಂದ ಅದನ್ನು ಸರಿ ಮಾಡಿಸಿ. ಜೊತೆಗೆ ಅದೇ ಪೋರ್ಟಲ್‌ನ ಎಐಎಸ್ (ನಿಮ್ಮ ವರ್ಷದ ಆದಾಯ, ವಹಿವಾಟಿನ ಮಾಹಿತಿ ಪಟ್ಟಿ) ಕೂಡ ನೋಡಿ. ನೀವು ಮರೆತ ಇನ್ನೊಂದು ಠೇವಣಿಯ ಬಡ್ಡಿ ಅಲ್ಲಿ ಕಂಡೀತು. ಅದನ್ನು ಬಿಟ್ಟು ರೀಫಂಡ್ ಕೇಳಿದರೆ ಇಲಾಖೆಗೆ ತಕ್ಷಣ ಗೊತ್ತಾಗುತ್ತದೆ.

ದೊಡ್ಡಮ್ಮನ ವಿಷಯದಲ್ಲಿ ಲಾಗಿನ್ ಆಗುವುದೇ ಅರ್ಧ ಕೆಲಸವಾಯಿತು. ಅವರ ಪ್ಯಾನ್ ನೋಂದಣಿಯಲ್ಲಿ ಇದ್ದಿದ್ದು ದೊಡ್ಡಪ್ಪನ ಮೊಬೈಲ್ ನಂಬರು. ಆ ಸಿಮ್ ಎಂದೋ ಬಂದ್ ಆಗಿತ್ತು. ಇಲಾಖೆ ಏನಾದರೂ ಸಂದೇಶ ಕಳಿಸಿದ್ದರೂ ಅದು ಹೋಗಿದ್ದು ಯಾರೂ ಎತ್ತದ ಫೋನಿಗೆ. ಆಧಾರ್ ಕೇಂದ್ರಕ್ಕೆ ಹೋಗಿ ದೊಡ್ಡಮ್ಮನ ನಂಬರನ್ನು ಆಧಾರ್‌ಗೆ ಜೋಡಿಸಿ, ಆಧಾರ್ ಓಟಿಪಿ ಮೂಲಕ ಪಾಸ್‌ವರ್ಡ್ ಬದಲಿಸಿದೆವು. ನಿಮ್ಮ ಮನೆಯ ಹಿರಿಯರ ಪ್ರೊಫೈಲಿನಲ್ಲಿ ಯಾರ ನಂಬರಿದೆ ಅಂತ ಈಗಲೇ ಒಮ್ಮೆ ನೋಡಿಬಿಡಿ.

ಡಿಸೆಂಬರ್ 31 ಇನ್ನೂ ದಾಟಿಲ್ಲವೇ?

ಹಾಗಾದರೆ ನೀವು ಬಚಾವ್. ಆಡಿಟ್ ಬೇಕಿಲ್ಲದ ಸಾಮಾನ್ಯ ಜನಕ್ಕೆ ರಿಟರ್ನ್ (ಇಲಾಖೆಗೆ ಸಲ್ಲಿಸುವ ಆದಾಯದ ಲೆಕ್ಕ) ಹಾಕುವ ಗಡುವು ಜುಲೈ 31 ಅಂತ ಲೆಕ್ಕ. ಕೆಲವು ವರ್ಷ ಮುಂದೂಡುತ್ತಾರೆ. 2024-25ರ ಗಳಿಕೆಗೆ ಅದು 2025ರ ಸೆಪ್ಟೆಂಬರ್ 16ರವರೆಗೂ ಹೋಗಿತ್ತು. ಅದು ತಪ್ಪಿದರೂ ಅಸೆಸ್‌ಮೆಂಟ್ ವರ್ಷದ ಡಿಸೆಂಬರ್ 31ರೊಳಗೆ ತಡವಾದ ರಿಟರ್ನ್ ಹಾಕಬಹುದು. ಅದರಲ್ಲೇ ರೀಫಂಡ್ ಕೇಳಬಹುದು. ಯಾರ ಅನುಮತಿಯೂ ಬೇಡ.

ಆದರೆ ತಡವಾದದ್ದಕ್ಕೆ 234ಎಫ್ ಕಲಮಿನ ಶುಲ್ಕ ಇದೆ. ಒಟ್ಟು ಆದಾಯ 5 ಲಕ್ಷದೊಳಗಿದ್ದರೆ 1,000 ರೂಪಾಯಿ, ಮೇಲಿದ್ದರೆ 5,000. ರೀಫಂಡ್ ಬರಬೇಕಾದವರಿಗೆ ಅದು ಬರುವ ಮೊತ್ತದಲ್ಲೇ ವಜಾ ಆಗುತ್ತದೆ. ಆದಾಯ ಮೂಲ ವಿನಾಯಿತಿ ಮಿತಿಯೊಳಗೇ ಇದ್ದು, ರಿಟರ್ನ್ ಹಾಕಲೇಬೇಕು ಅಂತ ಇಲ್ಲದವರಿಗೆ ಈ ಶುಲ್ಕ ಇಲ್ಲ.

ಇಲ್ಲಿ ಎರಡು ಕೊಕ್ಕೆ ಇವೆ. ಮೊದಲನೆಯದು, 'ನನಗೆ ತೆರಿಗೆ ಬೀಳಲ್ಲ' ಅನ್ನುವುದೂ 'ನಾನು ವಿನಾಯಿತಿ ಮಿತಿಯೊಳಗಿದ್ದೇನೆ' ಅನ್ನುವುದೂ ಒಂದೇ ಅಂದುಕೊಳ್ಳುವುದು. 2023-24ರಲ್ಲಿ ಹೊಸ ತೆರಿಗೆ ಪದ್ಧತಿಯಲ್ಲಿ (ದರ ಕಡಿಮೆ, ಕಳೆಯುವ ಸೌಲಭ್ಯಗಳೂ ಕಡಿಮೆ) ಆರೂವರೆ ಲಕ್ಷ ಆದಾಯ ಇದ್ದವರಿಗೆ 87ಎ ರಿಯಾಯಿತಿಯಿಂದ ತೆರಿಗೆ ಸೊನ್ನೆ. ಆದರೆ ಆ ವರ್ಷದ ವಿನಾಯಿತಿ ಮಿತಿ 3 ಲಕ್ಷ. ಹಾಗಾಗಿ ರಿಟರ್ನ್ ಕಡ್ಡಾಯ, ತಡವಾದರೆ 5,000 ಶುಲ್ಕವೂ ಗ್ಯಾರಂಟಿ. ಎರಡನೆಯದು, ಆದಾಯ ಕಡಿಮೆ ಇದ್ದರೂ ಒಂದು ವರ್ಷದಲ್ಲಿ ಹಿಡಿದ ಟಿಡಿಎಸ್, ಟಿಸಿಎಸ್ (ಮಾರುವವರು ವಸೂಲು ಮಾಡುವ ತೆರಿಗೆ) ಸೇರಿ 25,000 ಮುಟ್ಟಿದರೆ ರಿಟರ್ನ್ ಹಾಕಲೇಬೇಕು. 60 ದಾಟಿದವರಿಗೆ ಈ ಮಿತಿ 50,000. ದೊಡ್ಡಮ್ಮನ 28,000 ಇದರೊಳಗಿತ್ತು. ಅವರ ವಯಸ್ಸು 55 ಆಗಿದ್ದರೆ ಕಥೆ ಬೇರೆ.

ಸಂಬಳದವರಿಗೆ ಇನ್ನೊಂದು ಪೆಟ್ಟು ಇದೆ, ಇದು ಶುಲ್ಕಕ್ಕಿಂತ ದೊಡ್ಡದು. 2023-24ರ ಗಳಿಕೆಯಿಂದ ಹೊಸ ಪದ್ಧತಿಯೇ ತಾನಾಗಿ ಅನ್ವಯ. ಹಳೆ ಪದ್ಧತಿ ಬೇಕೆಂದರೆ ಮೂಲ ಗಡುವಿನೊಳಗೇ ರಿಟರ್ನ್ ಹಾಕಿ ಆರಿಸಿಕೊಳ್ಳಬೇಕು. ಮನೆ ಬಾಡಿಗೆ, 80ಸಿ ಕಲಮಿನ ಉಳಿತಾಯ, ಆರೋಗ್ಯ ವಿಮೆ ಎಲ್ಲ ಕಳೆದು 'ನನಗೆ 20,000 ವಾಪಸ್ ಬರ್ಬೇಕು' ಅಂತ ಲೆಕ್ಕ ಹಾಕಿ ಕೂತವರು ಆಗಸ್ಟ್‌ನಲ್ಲಿ ರಿಟರ್ನ್ ತೆರೆದರೆ ಆ ಕಳೆಯುವ ಸೌಲಭ್ಯವೇ ಇರುವುದಿಲ್ಲ. ರೀಫಂಡ್ ಬದಲು ಕೈಯಿಂದ ಕಟ್ಟುವ ಪಾಳಿಯೂ ಬರಬಹುದು.

ತಡವಾಗಿ ಹಾಕಿದರೆ ಬಡ್ಡಿಯೂ ಕಡಿಮೆ. ರೀಫಂಡಿಗೆ ಸರ್ಕಾರ ಕೊಡುವುದು ತಿಂಗಳಿಗೆ ಶೇ. 0.5. ಸಮಯಕ್ಕೆ ಸರಿಯಾಗಿ ಹಾಕಿದವರಿಗೆ ಏಪ್ರಿಲ್ 1ರಿಂದ ಲೆಕ್ಕ. ತಡ ಮಾಡಿದವರಿಗೆ ರಿಟರ್ನ್ ಹಾಕಿದ ದಿನದಿಂದ.

ಐಟಿಆರ್-ಯು ಕಡೆ ಓಡಬೇಡಿ

ಡಿಸೆಂಬರ್ 31 ದಾಟಿದೆ ಅಂದಾಗ ಸೈಬರ್ ಸೆಂಟರಿನವರು ಮೊದಲು ಹೇಳುವುದು ಇದನ್ನೇ. 'ಅಪ್‌ಡೇಟೆಡ್ ರಿಟರ್ನ್ ಹಾಕೋಣ ಸಾರ್, ನಾಲ್ಕು ವರ್ಷದವರೆಗೂ ಟೈಮಿದೆ.' ಟೈಮಿರುವುದು ನಿಜ. ಆದರೆ ಅದು ಬಿಟ್ಟುಹೋದ ಆದಾಯ ತೋರಿಸಿ ಹೆಚ್ಚುವರಿ ತೆರಿಗೆ ಕಟ್ಟುವವರಿಗೆ ಇರುವ ದಾರಿ. ರೀಫಂಡ್ ಕೇಳಲು, ಬರಬೇಕಾದ ರೀಫಂಡ್ ಹೆಚ್ಚಿಸಲು ಅದರಲ್ಲಿ ಅವಕಾಶವೇ ಇಲ್ಲ. ಅದಕ್ಕೆಂದು ಯಾರಿಗೂ ದುಡ್ಡು ಕೊಡಬೇಡಿ.

ನಿಮಗೆ ಬೇಕಾದ್ದು 119(2)(ಬಿ)

ಗಡುವು ಪೂರ್ತಿ ಮುಗಿದ ಮೇಲೆ ಉಳಿಯುವುದು ಇದೊಂದೇ. ಈ ಕಲಮಿನಡಿ ವಿಳಂಬ ಮನ್ನಿಸಿ ಅಂತ ಇಲಾಖೆಯನ್ನು ಕೇಳಬಹುದು. ಪೋರ್ಟಲ್ ಭಾಷೆಯಲ್ಲಿ ಇದರ ಹೆಸರು ಕಂಡೊನೇಶನ್ ರಿಕ್ವೆಸ್ಟ್. ನಷ್ಟವನ್ನು ಮುಂದಿನ ವರ್ಷಗಳಿಗೆ ಒಯ್ಯಬೇಕಾದವರಿಗೂ ಇದೇ ದಾರಿ.

ಈಗ ಇದಕ್ಕೆ ಆಧಾರ 2024ರ ಅಕ್ಟೋಬರ್ 1ರಂದು ಕೇಂದ್ರ ನೇರ ತೆರಿಗೆ ಮಂಡಳಿ ಹೊರಡಿಸಿದ 11/2024ನೇ ಸುತ್ತೋಲೆ. ಮೊದಲು ಆರು ವರ್ಷ ಹಿಂದಿನವರೆಗೂ ಅರ್ಜಿ ಹಾಕಬಹುದಿತ್ತು. ಈಗ ಅಸೆಸ್‌ಮೆಂಟ್ ವರ್ಷ ಮುಗಿದ ಮೇಲೆ ಐದು ವರ್ಷ. ದೊಡ್ಡಮ್ಮನ ಅಸೆಸ್‌ಮೆಂಟ್ ವರ್ಷ 2022-23 ಮುಗಿದಿದ್ದು 2023ರ ಮಾರ್ಚ್ 31ಕ್ಕೆ. ಅಲ್ಲಿಂದ ಐದು ವರ್ಷ ಅಂದರೆ 2028ರ ಮಾರ್ಚ್ 31ರವರೆಗೆ ಸಮಯವಿತ್ತು. 2020-21ರ ಗಳಿಕೆಯಾದರೆ ಕೊನೆಯ ದಿನ 2027ರ ಮಾರ್ಚ್ 31.

ಕೇಳುವ ಮೊತ್ತ 1 ಕೋಟಿಯೊಳಗಿದ್ದರೆ ತೀರ್ಮಾನ ಪ್ರಿನ್ಸಿಪಲ್ ಕಮಿಷನರ್ ಅಥವಾ ಕಮಿಷನರ್ ಅವರದು. 3 ಕೋಟಿಯವರೆಗೆ ಚೀಫ್ ಕಮಿಷನರ್, ಅದಕ್ಕೂ ಮೇಲೆ ಪ್ರಿನ್ಸಿಪಲ್ ಚೀಫ್ ಕಮಿಷನರ್. ಇದನ್ನು ಓದುತ್ತಿರುವ ಬಹುತೇಕರು ಮೊದಲ ಸಾಲಿನಲ್ಲೇ ಬರುತ್ತೀರಿ ಬಿಡಿ.

ಅವರು ನೋಡುವುದು ಮುಖ್ಯವಾಗಿ ಮೂರು. ಕೇಳುತ್ತಿರುವ ಮೊತ್ತ ಸರಿಯೇ? ಸಮಯಕ್ಕೆ ಹಾಕದಿರಲು ತಕ್ಕ ಕಾರಣ ಇತ್ತೇ? ಮನ್ನಿಸದಿದ್ದರೆ ನಿಜವಾದ ತೊಂದರೆ ಆಗುತ್ತದೆಯೇ? ಇದಲ್ಲದೆ ಆ ಆದಾಯ ಬೇರೆಯವರ ಲೆಕ್ಕಕ್ಕೆ ಸೇರಬೇಕಾದದ್ದಾಗಿರಬಾರದು. ಗಂಡ ತನ್ನ ದುಡ್ಡನ್ನು ಹೆಂಡತಿ ಹೆಸರಿನಲ್ಲಿ ಠೇವಣಿ ಇಟ್ಟಿದ್ದರೆ ಆ ಬಡ್ಡಿ ಗಂಡನ ಆದಾಯಕ್ಕೆ ಸೇರುತ್ತದೆ. ನಮ್ಮನ್ನೂ ಇದನ್ನು ಕೇಳಿದರು. ಠೇವಣಿ ಇಟ್ಟಿದ್ದು ದೊಡ್ಡಮ್ಮನಿಗೆ ತವರಿನಿಂದ ಬಂದ ಪಾಲಿನ ದುಡ್ಡು. ಪಾಲುಪಟ್ಟಿಯ ನಕಲು ಕೊಟ್ಟ ಮೇಲೆ ಆ ಪ್ರಶ್ನೆ ಮುಗಿಯಿತು.

ಅರ್ಜಿ ಬರೆಯುವ ಬಗೆ

ನಾನು ಮೊದಲು ಬರೆದ ಅರ್ಜಿ ಎರಡು ಪುಟ ಇತ್ತು. ದೊಡ್ಡಪ್ಪನ ಕಾಯಿಲೆ, ದೊಡ್ಡಮ್ಮನ ಕಷ್ಟ, ಮಳೆಗಾಲದಲ್ಲಿ ಆಸ್ಪತ್ರೆ ಓಡಾಟ ಎಲ್ಲ ಬರೆದಿದ್ದೆ. ಪರಿಚಯದ ಆಡಿಟರೊಬ್ಬರು ಓದಿ, "ಚೆನ್ನಾಗಿದೆ, ಆದರೆ ಇದರಲ್ಲಿ ಒಂದೇ ಒಂದು ತಾರೀಖು ಇಲ್ವಲ್ಲ" ಅಂದರು. ಮತ್ತೆ ಕೂತು ಬರೆದೆ.

ತಡ ಅನ್ನುವುದು ಒಂದೇ ತುಂಡಲ್ಲ. ಜುಲೈ 31ರಿಂದ ಡಿಸೆಂಬರ್ 31ರ ತನಕ ಯಾಕೆ ಹಾಕಲಿಲ್ಲ ಅನ್ನುವುದು ಒಂದು ಪ್ರಶ್ನೆ. ಅಲ್ಲಿಂದ ಅರ್ಜಿ ಹಾಕುವ ದಿನದ ತನಕ ಏನು ಮಾಡುತ್ತಿದ್ದಿರಿ ಅನ್ನುವುದು ಇನ್ನೊಂದು. ಸುಮಾರು ಅರ್ಜಿಗಳು ಮೊದಲನೆಯದಕ್ಕೆ ಉತ್ತರ ಕೊಟ್ಟು ಎರಡನೆಯದನ್ನು ಮರೆಯುತ್ತವೆ. ನಾವು ಬರೆದಿದ್ದು ಹೀಗೆ: 2022ರ ಜೂನ್‌ನಿಂದ ನವೆಂಬರ್‌ವರೆಗೆ ಪತಿ ಮೂರು ಸಲ ಆಸ್ಪತ್ರೆಯಲ್ಲಿದ್ದರು, ಡಿಸ್ಚಾರ್ಜ್ ಚೀಟಿಗಳು ಲಗತ್ತಾಗಿವೆ. ನವೆಂಬರ್‌ನಲ್ಲಿ ತೀರಿಕೊಂಡರು, ಮರಣ ಪ್ರಮಾಣಪತ್ರ ಇದೆ. ಹಣಕಾಸಿನ ಕೆಲಸವೆಲ್ಲ ಅವರೇ ನೋಡುತ್ತಿದ್ದರು, ಪೋರ್ಟಲ್‌ನ ಮೊಬೈಲ್ ನಂಬರು ಅವರದ್ದೇ, ಆ ನಂಬರು ಈಗ ಚಾಲ್ತಿಯಲ್ಲಿಲ್ಲ. ಟಿಡಿಎಸ್ ಸರ್ಟಿಫಿಕೇಟು ಕೈಗೆ ಸಿಕ್ಕಿದ್ದು 2024ರ ಡಿಸೆಂಬರ್‌ನಲ್ಲಿ. ಮುಂದಿನ ತಿಂಗಳೇ ಅರ್ಜಿ ಹಾಕುತ್ತಿದ್ದೇವೆ. ಇಷ್ಟೇ. ಒಂದು ಪುಟ ದಾಟಲಿಲ್ಲ.

ಆಮೇಲೆ ಲೆಕ್ಕದ ಒಂದು ಚಿಕ್ಕ ಪಟ್ಟಿ. ಆದಾಯ ಎಷ್ಟು, ತೆರಿಗೆ ಎಷ್ಟು, ಹಿಡಿದದ್ದೆಷ್ಟು, ವಾಪಸ್ ಬರಬೇಕಾದ್ದೆಷ್ಟು. ಜೊತೆಗೆ ಆ ವರ್ಷದ ಬ್ಯಾಂಕ್ ಸ್ಟೇಟ್‌ಮೆಂಟು, 26ಎಎಸ್, ಟಿಡಿಎಸ್ ಸರ್ಟಿಫಿಕೇಟು. ತೊಂದರೆಯ ಬಗ್ಗೆ ಒಂದೆರಡು ಸಾಲು: ಬಡ್ಡಿಯೇ ಜೀವನಕ್ಕೆ ಆಧಾರ, ಹಿಡಿದ ಮೊತ್ತ ವರ್ಷದ ಆದಾಯದ ಹತ್ತರಲ್ಲೊಂದು ಪಾಲು.

'ಗೊತ್ತಿರಲಿಲ್ಲ', 'ಕೆಲಸದ ಒತ್ತಡ', 'ಆಡಿಟರು ಹೇಳಲಿಲ್ಲ' ಅನ್ನುವ ಕಾರಣಗಳು ಪುರಾವೆ ಇಲ್ಲದೆ ನಿಲ್ಲುವುದು ಕಷ್ಟ. ಆಡಿಟರದೇ ತಪ್ಪಾಗಿದ್ದರೆ ಅವರಿಂದ ಬರೆಸಿಕೊಳ್ಳಿ, ಅಥವಾ ನೀವು ಕಾಗದ ಕೊಟ್ಟ ದಿನದ ಇಮೇಲ್, ವಾಟ್ಸಾಪ್ ಸಂದೇಶ ತೋರಿಸಿ. ಟಿಡಿಎಸ್ ಹಿಡಿದವರೇ ತಡವಾಗಿ ಲೆಕ್ಕ ಕೊಟ್ಟು, 26ಎಎಸ್‌ನಲ್ಲಿ ಮೊತ್ತ ಗಡುವಿನ ನಂತರ ಕಂಡಿದ್ದರೆ ಅದು ಗಟ್ಟಿ ಕಾರಣ. ಆ ನಮೂದಿನ ತಾರೀಖು ಎತ್ತಿ ತೋರಿಸಿ.

ಒಂದು ಮಾತು ನೆನಪಿಟ್ಟುಕೊಳ್ಳಿ, ಅರ್ಜಿಯಲ್ಲಿ ಒಂದು ಸಾಲು ಸೇರಿಸಿದರೂ ತಪ್ಪಿಲ್ಲ. 1987ರಲ್ಲಿ ಅನಂತನಾಗ್‌ನ ಭೂಸ್ವಾಧೀನ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ತಡ ಮಾಡುವುದರಿಂದ ಅರ್ಜಿದಾರನಿಗೆ ಸಾಮಾನ್ಯವಾಗಿ ಲಾಭವಿಲ್ಲ ಎಂದು ಹೇಳಿತ್ತು. ರೀಫಂಡಿಗೆ ಈ ಮಾತು ಇನ್ನೂ ಚೆನ್ನಾಗಿ ಒಪ್ಪುತ್ತದೆ, ಅಲ್ವಾ? ತನ್ನ ದುಡ್ಡನ್ನು ಬೇಕಂತಲೇ ಎರಡು ವರ್ಷ ಬಡ್ಡಿಯಿಲ್ಲದೆ ಸರ್ಕಾರದ ಬಳಿ ಯಾರು ಬಿಡುತ್ತಾರೆ?

ಪೋರ್ಟಲ್‌ನಲ್ಲಿ ಹಾಕುವುದು

ಲಾಗಿನ್ ಆಗಿ 'ಸರ್ವಿಸಸ್' ಮೆನುವಿಗೆ ಹೋಗಿ. ಅಲ್ಲಿ 'ಕಂಡೊನೇಶನ್ ರಿಕ್ವೆಸ್ಟ್' ಇದೆ. ಒತ್ತಿದರೆ ಒಂದಷ್ಟು ಬಗೆಗಳು ಬರುತ್ತವೆ. ಅವಧಿ ಮೀರಿದ ಮೇಲೆ ರಿಟರ್ನ್ ಹಾಕಲು ಅನುಮತಿ ಕೇಳುವುದನ್ನು ಆರಿಸಿ. ಪಕ್ಕದಲ್ಲೇ ಐಟಿಆರ್-ವಿ (ರಿಟರ್ನಿನ ದೃಢೀಕರಣ ಪತ್ರ) ಸಲ್ಲಿಸಲು ತಡವಾದದ್ದಕ್ಕೆ ಅಂತ ಇನ್ನೊಂದು ಇರುತ್ತದೆ. ಅದು ರಿಟರ್ನ್ ಹಾಕಿ ದೃಢೀಕರಣ ಮರೆತವರಿಗೆ. ಗಡಿಬಿಡಿಯಲ್ಲಿ ಅದನ್ನು ಒತ್ತಬೇಡಿ. ಅಸೆಸ್‌ಮೆಂಟ್ ವರ್ಷ, ಕಾರಣ ತುಂಬಿ, ಕಾಗದಗಳನ್ನು ಪಿಡಿಎಫ್ ಮಾಡಿ ಸೇರಿಸಿ. ಸಲ್ಲಿಸಿದ ಮೇಲೆ ಬರುವ ನಂಬರನ್ನು ಬರೆದಿಟ್ಟುಕೊಳ್ಳಿ.

ನಾನು ಇದರ ಒಂದು ಪ್ರತಿಯನ್ನು ಕಚೇರಿಗೂ ಕೊಟ್ಟು ಸೀಲು ಹಾಕಿಸಿಕೊಂಡೆ. ನಿಮ್ಮ ಪ್ಯಾನ್ ಯಾವ ಅಧಿಕಾರಿಯ ವ್ಯಾಪ್ತಿಗೆ ಬರುತ್ತದೆ ಅನ್ನುವುದು ಪೋರ್ಟಲ್‌ನಲ್ಲೇ ಗೊತ್ತಾಗುತ್ತದೆ. ಊರು ಬದಲಿಸಿದವರ ಪ್ಯಾನ್ ಹಳೆ ಊರಿನಲ್ಲೇ ಉಳಿದಿರುವುದು ಮಾಮೂಲು. ಈಗ ಮೈಸೂರಿನಲ್ಲಿದ್ದೀರಿ ಅಂತ ನೇರವಾಗಿ ಮೈಸೂರಿನ ಕಚೇರಿಗೆ ಹೋಗಬೇಡಿ.

ಅರ್ಜಿ ತಲುಪಿದ ತಿಂಗಳ ಕೊನೆಯಿಂದ ಆರು ತಿಂಗಳೊಳಗೆ, ಸಾಧ್ಯವಾದ ಮಟ್ಟಿಗೆ, ತೀರ್ಮಾನ ಕೊಡಬೇಕು ಅಂತ ಸುತ್ತೋಲೆ ಹೇಳುತ್ತದೆ. ನಡುವೆ ಕಮಿಷನರ್ ಕಚೇರಿ ನಿಮ್ಮ ಅಸೆಸಿಂಗ್ ಅಧಿಕಾರಿಯ ವರದಿ ಕೇಳಬಹುದು. ಅವರು ನಿಮಗೆ ನೋಟಿಸು ಕೊಟ್ಟು ಕಾಗದ ಕೇಳಬಹುದು. ಹೆದರಬೇಡಿ, ಆದರೆ ಕೊಟ್ಟ ದಿನದೊಳಗೆ ಉತ್ತರಿಸಿ. ನಮಗೆ ಜನವರಿಯಲ್ಲಿ ಹಾಕಿದ್ದಕ್ಕೆ ಜೂನ್‌ನಲ್ಲಿ ಆದೇಶ ಬಂತು.

ಆದೇಶ ಬಂದ ಮೇಲೆ

ಆದೇಶ ಬಂದ ತಕ್ಷಣ ದುಡ್ಡು ಬರುವುದಿಲ್ಲ. ಅದು ರಿಟರ್ನ್ ಹಾಕಲು ಸಿಕ್ಕ ಅನುಮತಿ ಅಷ್ಟೇ. ಈಗ ಆ ಅಸೆಸ್‌ಮೆಂಟ್ ವರ್ಷದ್ದೇ ಫಾರಂ ತೆಗೆದು ರಿಟರ್ನ್ ತುಂಬಬೇಕು. ಯಾವ ಕಲಮಿನಡಿ ಎಂದು ಕೇಳುವಲ್ಲಿ 119(2)(ಬಿ) ಆರಿಸಿ, ಆದೇಶದ ನಂಬರು, ತಾರೀಖು ಹಾಕಿ. ಆದೇಶದಲ್ಲಿ ಇಷ್ಟು ದಿನದೊಳಗೆ ಹಾಕಿ ಎಂದು ಬರೆದಿದ್ದರೆ ಆ ದಿನ ತಪ್ಪಿಸಬೇಡಿ.

30 ದಿನದೊಳಗೆ ಇ-ವೆರಿಫೈ ಮಾಡುವುದನ್ನೂ ಮರೆಯಬೇಡಿ. ಆಧಾರ್ ಓಟಿಪಿಯಿಂದ ಎರಡು ನಿಮಿಷದ ಕೆಲಸ. ಆಗದವರು ಐಟಿಆರ್-ವಿ ಪ್ರಿಂಟ್ ತೆಗೆದು ಸಹಿ ಹಾಕಿ ಬೆಂಗಳೂರಿನ ಸಿಪಿಸಿಗೆ (ಇಲಾಖೆಯ ರಿಟರ್ನ್ ಸಂಸ್ಕರಣಾ ಕೇಂದ್ರ) ಸ್ಪೀಡ್ ಪೋಸ್ಟ್ ಮಾಡಬಹುದು, ಪಿನ್ ಕೋಡ್ 560500. ದೇಶದ ಯಾವ ಮೂಲೆಯ ರಿಟರ್ನ್ ಆದರೂ ಹೋಗುವುದು ಅಲ್ಲಿಗೇ. ಅಂದಹಾಗೆ, ಪ್ರತಿವರ್ಷ ಸಮಯಕ್ಕೆ ರಿಟರ್ನ್ ಹಾಕುವವರಿಗೂ ಈ 30 ದಿನ ಮುಖ್ಯ. ಅದು ದಾಟಿದ ಮೇಲೆ ವೆರಿಫೈ ಮಾಡಿದರೆ, ಮಾಡಿದ ದಿನವೇ ರಿಟರ್ನ್ ಹಾಕಿದ ದಿನವಾಗುತ್ತದೆ. ಜುಲೈನಲ್ಲಿ ಹಾಕಿದ್ದು ಸೆಪ್ಟೆಂಬರ್‌ದಾಗಿ, ತಡದ ಶುಲ್ಕ ಬೀಳುತ್ತದೆ.

ಹೀಗೆ ಬರುವ ರೀಫಂಡಿಗೆ ಬಡ್ಡಿ ಇಲ್ಲ. ಸುತ್ತೋಲೆಯೇ ಹಾಗೆ ಹೇಳುತ್ತದೆ.

ದುಡ್ಡು ಖಾತೆಗೆ ಬೀಳದಿದ್ದರೆ

ಪ್ರೊಫೈಲಿನಲ್ಲಿ ಬ್ಯಾಂಕ್ ಖಾತೆ ಮೊದಲೇ ದೃಢೀಕರಣ ಆಗಿರಬೇಕು. ಕರ್ನಾಟಕದವರಿಗೆ ಇಲ್ಲೊಂದು ವಿಶೇಷ ತೊಡಕು. ವಿಜಯ ಬ್ಯಾಂಕ್ 2019ರಲ್ಲಿ ಬ್ಯಾಂಕ್ ಆಫ್ ಬರೋಡಾಕ್ಕೆ ಸೇರಿತು. 2020ರಲ್ಲಿ ಸಿಂಡಿಕೇಟ್ ಬ್ಯಾಂಕ್ ಕೆನರಾಕ್ಕೂ, ಕಾರ್ಪೊರೇಶನ್ ಬ್ಯಾಂಕ್ ಯೂನಿಯನ್ ಬ್ಯಾಂಕಿಗೂ ಸೇರಿದವು. ಐಎಫ್‌ಎಸ್‌ಸಿ ಕೋಡ್‌ಗಳು ಬದಲಾದವು. ಹಳೆ ಪಾಸ್‌ಬುಕ್ ನೋಡಿ ತುಂಬಿದರೆ ಹಣ ವಾಪಸ್ ಹೋಗುತ್ತದೆ. ಹೊಸ ಪಾಸ್‌ಬುಕ್ ನೋಡಿ, ಪ್ಯಾನ್‌ನಲ್ಲಿರುವ ಹೆಸರೂ ಖಾತೆಯ ಹೆಸರೂ ಒಂದೇ ಇದೆಯಾ ಅಂತ ತಾಳೆ ಹಾಕಿ. ಹಣ ಒಮ್ಮೆ ಹಿಂದೆ ಹೋಗಿದ್ದರೆ ಅದೇ 'ಸರ್ವಿಸಸ್' ಮೆನುವಿನಲ್ಲಿ 'ರೀಫಂಡ್ ರೀಇಶ್ಯೂ' ಅಂತ ಕೇಳಬಹುದು.

ಪ್ಯಾನ್‌ಗೆ ಆಧಾರ್ ಜೋಡಿಸದೆ ಪ್ಯಾನ್ ನಿಷ್ಕ್ರಿಯವಾಗಿದ್ದರೆ ರೀಫಂಡ್ ಬರುವುದಿಲ್ಲ. 1,000 ರೂಪಾಯಿ ಕಟ್ಟಿ ಜೋಡಿಸಿ. ಹಳೆ ತೆರಿಗೆ ಬಾಕಿ ಏನಾದರೂ ಇದ್ದರೆ ಇಲಾಖೆ ರೀಫಂಡನ್ನು ಅದಕ್ಕೆ ಮುರಿದುಕೊಳ್ಳಬಹುದು. ಮುರಿದುಕೊಳ್ಳುವ ಮೊದಲು 245ನೇ ಕಲಮಿನಡಿ ತಿಳಿಸುತ್ತಾರೆ. ಆ ಬಾಕಿ ತಪ್ಪಿದ್ದರೆ ಆಗಲೇ ತಕರಾರು ಹಾಕಿ.

'ನಿಮ್ಮ ರೀಫಂಡ್ ಮಂಜೂರಾಗಿದೆ, ಈ ಲಿಂಕ್ ಒತ್ತಿ' ಎಂಬ ಮೆಸೇಜು ಈ ಹೊತ್ತಿಗೇ ಬರುವುದುಂಟು. ಒತ್ತಬೇಡಿ.

ಅರ್ಜಿ ತಳ್ಳಿಹಾಕಿದರೆ

ಆದಾಯ ತೆರಿಗೆ ಕಾಯಿದೆಯೊಳಗೆ ಇದಕ್ಕೆ ಮೇಲ್ಮನವಿ ಇಲ್ಲ. ಹೈಕೋರ್ಟ್‌ಗೆ ರಿಟ್ ಹಾಕಬೇಕು. ನಮ್ಮಲ್ಲಿ ಬೆಂಗಳೂರು, ಧಾರವಾಡ, ಕಲಬುರಗಿ ಮೂರೂ ಕಡೆ ಪೀಠ ಇದೆ. 28,000ಕ್ಕೆ ಅಷ್ಟು ದೂರ ಹೋಗುವುದು ಲೆಕ್ಕಕ್ಕೆ ಬಾರದು. ಊರಾಚೆ ಇರುವವರ ಕಥೆ ಬೇರೆ. ಹೊರದೇಶದಲ್ಲಿರುವ ಕನ್ನಡಿಗರು ಇಲ್ಲಿನ ಸೈಟು, ಮನೆ ಮಾರಿದಾಗ ಕೊಳ್ಳುವವರು ಲಾಭದ ಮೇಲಲ್ಲ, ಇಡೀ ಬೆಲೆಯ ಮೇಲೇ ಟಿಡಿಎಸ್ ಹಿಡಿಯುವುದು ಸಾಮಾನ್ಯ. ಅಲ್ಲಿ ರೀಫಂಡ್ ಲಕ್ಷಗಳಲ್ಲಿರುತ್ತದೆ. ಅವರು ಮಾರುವ ಮೊದಲೇ ಕಡಿಮೆ ಟಿಡಿಎಸ್ ಸರ್ಟಿಫಿಕೇಟು ಪಡೆದರೆ ಈ ರಗಳೆಯೇ ಇರುವುದಿಲ್ಲ.

ದೊಡ್ಡಮ್ಮನ ಖಾತೆಗೆ ಆಗಸ್ಟ್‌ನಲ್ಲಿ 28,000 ಜಮೆಯಾಯಿತು. ಫೋನ್ ಮಾಡಿ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಅದರ ಮುಂದಿನ ವರ್ಷವೂ ಹಿಡಿದಿರಬೇಕಲ್ಲ ಮಾರಾಯ, ಆ ಕಾಗದ ಎಲ್ಲಿದೆ?" ಅಂದರು. ಮತ್ತೆ ಟ್ರಂಕು ತೆಗೆದೆವು.